ರೆಕ್ಕೆಯ ಮೇಲೆ ಕಣ್ಣಿಟ್ಟ ಕಾನೂನು

ಚೀನೀ ಔತಣದ ಸೂಪಿಗೆಂದು ನಡೆಯುವ ಶಾರ್ಕ್ ರೆಕ್ಕೆಯ ವ್ಯಾಪಾರ ತಡೆಯಲು ಸರ್ಕಾರಗಳು ಏನೂ ಮಾಡಲಿಲ್ಲ ಎಂದು ದೂರುವಂತಿಲ್ಲ. ಅಮೆರಿಕ 2000ದಲ್ಲೇ ಕಾಯ್ದೆ ತಂದಿತು. ಯುರೋಪಿಯನ್ ಒಕ್ಕೂಟ 2003ರಲ್ಲಿ ತಂದಿತು, ಭಾರತ 2013ರಲ್ಲೊಮ್ಮೆ 2015ರಲ್ಲೊಮ್ಮೆ ಆದೇಶ ಹೊರಡಿಸಿತು, ಕೆನಡಾ 2019ರಲ್ಲಿ, ಬ್ರಿಟನ್ 2023ರಲ್ಲಿ ಬಾಗಿಲು ಹಾಕಿದವು. ಪುಟ್ಟ ದೇಶ ಪಲಾವ್ 2009ರಲ್ಲಿ ತನ್ನ ಪಾಲಿನ ಇಡೀ ಸಮುದ್ರವನ್ನೇ ಶಾರ್ಕ್ ಧಾಮವೆಂದು ಘೋಷಿಸಿತು. ಮರುವರ್ಷ ಮಾಲ್ಡೀವ್ಸ್ ಶಾರ್ಕ್ ಹಿಡಿಯುವುದನ್ನೇ ನಿಲ್ಲಿಸಿತು. ಇಷ್ಟೆಲ್ಲ ಆದಮೇಲೂ ಒಂದು ಲೆಕ್ಕ ಕಾಡುತ್ತಲೇ ಇರುತ್ತದೆ. 2024ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಮೀನುಗಾರಿಕೆಯಲ್ಲಿ ಸಾಯುವ ಶಾರ್ಕ್‌ಗಳ ಸಂಖ್ಯೆ 2012ರಲ್ಲಿ ಕನಿಷ್ಠ 7.6 ಕೋಟಿ ಇದ್ದದ್ದು 2019ರ ಹೊತ್ತಿಗೆ 8 ಕೋಟಿಗೆ ಏರಿತ್ತು. ಅದರಲ್ಲಿ ಸುಮಾರು 2.5 ಕೋಟಿ ಅಳಿವಿನ ಅಂಚಿಗೆ ಸರಿಯುತ್ತಿರುವ ಜಾತಿಗಳವು. ರೆಕ್ಕೆ ಕತ್ತರಿಸುವುದನ್ನು ತಡೆಯುವ ಕಾನೂನುಗಳು ಜಗತ್ತಿನಾದ್ಯಂತ ಹಬ್ಬಿದ ಕಾಲವೇ ಇದು. ಆ ಕಾನೂನುಗಳಿಂದ ಸಾವು ಕಡಿಮೆಯಾಗಲಿಲ್ಲ ಎಂದು ಅದೇ ಅಧ್ಯಯನ ಹೇಳುತ್ತದೆ.

ಇದನ್ನು ಓದಿದವರು ‘ಕಾನೂನಿದ್ದರೂ ಪಾಲನೆಯಿಲ್ಲ’ ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವುದುಂಟು. ಸಮಸ್ಯೆ ಅಷ್ಟು ಸರಳವಾಗಿಲ್ಲ. ಪಾಲನೆಯಾದ ಕಡೆಯೂ ಸಾವು ಮುಂದುವರಿದಿದೆ. ಹಾಗಾಗಿ ಕಾನೂನು ನಿಜವಾಗಿ ಯಾವುದನ್ನು ತಡೆಯಿತು, ಯಾವುದನ್ನು ಮುಟ್ಟಲೇ ಇಲ್ಲ ಎಂದು ಒಂದೊಂದಾಗಿ ಬಿಡಿಸಿ ನೋಡಬೇಕು.

ಶೇಕಡಾ ಐದರ ಕಥೆ

ಮೊದಲು ವ್ಯಾಪಾರದ ಲೆಕ್ಕಾಚಾರ. ಶಾರ್ಕ್‌ನ ಮೈಯಲ್ಲಿ ಬೆಲೆಬಾಳುವ ರೆಕ್ಕೆಗಳು ನಾಲ್ಕು: ಬೆನ್ನಿನ ಮೇಲಿನ ಮೊದಲ ರೆಕ್ಕೆ, ಎದೆಯ ಪಕ್ಕದ ಎರಡು, ಬಾಲದ ಕೆಳಗಿನ ಹಾಳೆ. ಬಾಲದ ಮೇಲಿನ ಹಾಳೆಯೊಳಗೆ ಬೆನ್ನುಮೂಳೆ ಹಾದುಹೋಗುತ್ತದೆ, ಸೂಪಿಗೆ ಬೇಕಾದ ನಾರು ಅಲ್ಲಿ ಅಷ್ಟಾಗಿ ಇಲ್ಲ, ಹಾಗಾಗಿ ಅದನ್ನು ಎಸೆಯುತ್ತಾರೆ. ಎರಡನೇ ಬೆನ್ನುರೆಕ್ಕೆ, ಹೊಟ್ಟೆಯ ಕೆಳಗಿನ ಸಣ್ಣ ರೆಕ್ಕೆಗಳು ಕಡಿಮೆ ದರ್ಜೆಯ ಮಾಲು. ಆ ನಾರಿಗೂ ತನ್ನದೇ ರುಚಿ ಅಂತೇನಿಲ್ಲ, ಸೂಪಿನ ರುಚಿಯೆಲ್ಲ ಅದಕ್ಕೆ ಹಾಕುವ ಕೋಳಿ ಮತ್ತು ಮಾಂಸದ ಸಾರಿನದು. ರೆಕ್ಕೆ ಕೊಡುವುದು ಗಾಜಿನ ಎಳೆಯಂಥ ಆ ನಾರಿನ ಸ್ಪರ್ಶವನ್ನಷ್ಟೇ.

ಉಳಿದ ದೇಹ ಮೀನುಗಾರನಿಗೆ ತಲೆನೋವು. ಶಾರ್ಕ್‌ನ ರಕ್ತ ಮಾಂಸಗಳಲ್ಲಿ ಯೂರಿಯಾ ಇರುತ್ತದೆ. ಹಿಡಿದ ತಕ್ಷಣ ರಕ್ತ ಇಳಿಸಿ ಮಂಜುಗಡ್ಡೆಯಲ್ಲಿಡದಿದ್ದರೆ ಅದು ಅಮೋನಿಯಾ ಆಗಿ ನಾರುತ್ತದೆ, ಪಕ್ಕದಲ್ಲಿರುವ ಟ್ಯೂನಾವನ್ನೂ ಕೆಡಿಸುತ್ತದೆ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗಿನಲ್ಲಿ ಶೀತಕೋಣೆಯ ಒಂದೊಂದು ಅಡಿ ಜಾಗಕ್ಕೂ ಬೆಲೆಯಿದೆ. ಆದ್ದರಿಂದಲೇ ರೆಕ್ಕೆ ಕತ್ತರಿಸಿಕೊಂಡು, ಇನ್ನೂ ಜೀವವಿರುವ ಮೀನನ್ನು ನೀರಿಗೆ ತಳ್ಳುವ ರೂಢಿ ಬೆಳೆಯಿತು. ರೆಕ್ಕೆಯಿಲ್ಲದ ಶಾರ್ಕ್ ಈಜಲಾರದು. ತೆರೆದ ಸಮುದ್ರದ ಹೆಚ್ಚಿನ ಜಾತಿಗಳು ಈಜಿದರೆ ಮಾತ್ರ ಕಿವಿರಿನ ಮೇಲೆ ನೀರು ಹರಿದು ಉಸಿರಾಡುತ್ತವೆ. ಅವು ತಳಕ್ಕೆ ಮುಳುಗಿ ಉಸಿರುಕಟ್ಟಿ ಸಾಯುತ್ತವೆ. ಮನುಷ್ಯ ಮೀನಿಗೆ ಕೊಡುವ ಸಾವುಗಳಲ್ಲಿ ಇದಕ್ಕಿಂತ ಕೆಟ್ಟದ್ದು ಕಡಿಮೆ.

ಇದನ್ನು ತಡೆಯಲು ಹೊರಟ ಮೊದಲ ಕಾನೂನುಗಳು ತಕ್ಕಡಿಯನ್ನು ನಂಬಿದವು. ರೆಕ್ಕೆ ಬೇರೆ, ಮೈ ಬೇರೆ ತಂದರೂ ಸರಿ, ರೆಕ್ಕೆಗಳ ತೂಕ ಮೀನಿನ ತೂಕದ ಶೇಕಡಾ 5ನ್ನು ಮೀರಬಾರದು ಎಂದವು. ಕೇಳಲು ಬಿಗಿಯಾಗಿಯೇ ಇದೆ. ಆದರೆ ಯಾವ ತೂಕದ ಶೇಕಡಾ 5? ಅಮೆರಿಕ ತಲೆ ಕರುಳು ತೆಗೆದ ಮೀನಿನ ತೂಕ ಎಂದಿತು. ಯುರೋಪ್ ಇಡೀ ಮೀನಿನ ತೂಕ ಎಂದಿತು. ಟ್ಯೂನಾ ಮೀನುಗಾರಿಕೆಗೆ ನಿಯಮ ಮಾಡುವ ಹಲವು ದೇಶಗಳ ಆಯೋಗಗಳೂ ಇವೆ; ಅವುಗಳಲ್ಲಿ ಅಟ್ಲಾಂಟಿಕ್‌ನ ಆಯೋಗ 2004ರಲ್ಲಿ, ಹಿಂದೂ ಮಹಾಸಾಗರದ ಆಯೋಗ 2005ರಲ್ಲಿ ಇದೇ ಅಂಕಿಯನ್ನು ಎತ್ತಿಕೊಂಡವು, ಯಾವ ತೂಕ ಎಂಬುದನ್ನು ಮಾತ್ರ ಸ್ಪಷ್ಟಪಡಿಸಲಿಲ್ಲ.

ಲೆಕ್ಕ ಹಾಕಿ ನೋಡೋಣ. ಹೆಚ್ಚಿನ ಜಾತಿಗಳಲ್ಲಿ ಆ ನಾಲ್ಕು ಹಸಿ ರೆಕ್ಕೆಗಳು ಇಡೀ ಮೀನಿನ ತೂಕದ ಶೇಕಡಾ 2ರ ಆಸುಪಾಸು. 100 ಕಿಲೋ ಶಾರ್ಕ್‌ಗೆ 2 ಕಿಲೋ ರೆಕ್ಕೆ ಎಂದಾಯಿತು. ಇಡೀ ಮೀನಿನ ಶೇಕಡಾ 5 ಎಂದರೆ 5 ಕಿಲೋ ಇಟ್ಟುಕೊಳ್ಳಲು ಅನುಮತಿ. ಮೇಲಿನ 3 ಕಿಲೋ ಎಲ್ಲಿಂದ ಬರುತ್ತದೆ? ಸಮುದ್ರಕ್ಕೆ ಎಸೆದ ಇನ್ನೂ ಒಂದೂವರೆ ಶಾರ್ಕ್‌ನಿಂದ. ಇನ್ನು ಹಡಗಿನ ಮೇಲೇ ಒಣಗಿಸಿದ ರೆಕ್ಕೆಯಾದರೆ? ಒಣಗಿದಾಗ ತೂಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅದೇ 5 ಕಿಲೋದಲ್ಲಿ ಐದು ಮೀನಿನ ರೆಕ್ಕೆ ಹಿಡಿಸುತ್ತದೆ. ಯುರೋಪಿನಲ್ಲಿ ವಿಶೇಷ ಪರವಾನಗಿ ಪಡೆದವರು ರೆಕ್ಕೆಯನ್ನು ಒಂದು ಬಂದರಿನಲ್ಲಿ, ಮೈಯನ್ನು ಇನ್ನೊಂದರಲ್ಲಿ ಇಳಿಸಲೂ ಅವಕಾಶವಿತ್ತು. ಹಾಗಾದಾಗ ತೂಗುವವನ ಮುಂದೆ ಎರಡೂ ಒಟ್ಟಿಗೆ ಬರುವುದೇ ಇಲ್ಲ. ನಿಷೇಧಿಸಲು ಹೊರಟದ್ದಕ್ಕೇ ಕಾನೂನು ಅಳತೆ ಹಾಕಿ ಜಾಗ ಬಿಟ್ಟುಕೊಟ್ಟಿತ್ತು, ಅದೂ ಹತ್ತು ವರ್ಷ.

ಮೈಗೆ ಅಂಟಿದ ರೆಕ್ಕೆ

ಪರಿಹಾರ ಎಷ್ಟು ಸರಳ ಎಂದರೆ ಮೊದಲೇ ಯಾಕೆ ಮಾಡಲಿಲ್ಲ ಎನ್ನಿಸುತ್ತದೆ. ಶಾರ್ಕ್ ಬಂದರಿನ ಧಕ್ಕೆಗೆ ಬರುವಾಗ ರೆಕ್ಕೆ ಮೈಗೆ ಅಂಟಿಕೊಂಡೇ ಇರಬೇಕು, ಅಷ್ಟೆ. ಅಮೆರಿಕದ ಸಂಸತ್ತು ಇದನ್ನು 2010ರ ಕೊನೆಗೆ ಒಪ್ಪಿತು, ಯುರೋಪ್ ಮತ್ತು ಭಾರತ 2013ರಲ್ಲಿ. ತಕ್ಕಡಿ ಬೇಡ, ಗುಣಾಕಾರ ಬೇಡ, ಅಧಿಕಾರಿ ಕಣ್ಣಿಂದ ನೋಡಿದರೆ ಸಾಕು. ಮೀನು ಇಡಿಯಾಗಿರುವುದರಿಂದ ಜಾತಿ ಯಾವುದು, ಗಂಡೋ ಹೆಣ್ಣೋ, ಎಷ್ಟು ಉದ್ದ ಎಂದು ಬರೆದುಕೊಳ್ಳಬಹುದು. ಮೀನಿನ ಸಂಖ್ಯೆ ಅಂದಾಜು ಮಾಡುವ ವಿಜ್ಞಾನಿಗಳಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹಡಗಿನವರ ಆಕ್ಷೇಪಣೆಯಲ್ಲೂ ಹುರುಳಿತ್ತು. ಎದೆಯ ರೆಕ್ಕೆಗಳು ಹೆಪ್ಪುಗಟ್ಟಿದರೆ ಹಲಗೆಯಂತೆ ಸೆಟೆದು ಅಡ್ಡಕ್ಕೆ ನಿಲ್ಲುತ್ತವೆ. ಒಂದರ ಮೇಲೊಂದು ಮೀನು ಪೇರಿಸಲಾಗದು, ಅಲೆ ಎದ್ದಾಗ ಕೈಕಾಲಿಗೆ ಬಡಿಯುತ್ತವೆ, ಮುರಿದು ಬೆಲೆಯನ್ನೂ ಕಳೆದುಕೊಳ್ಳುತ್ತವೆ. ಇದಕ್ಕೆ ಕಂಡುಕೊಂಡ ದಾರಿ ಹೀಗೆ: ಮೀನಿನ ರಕ್ತ ಇಳಿಸಿ, ಕರುಳು ತೆಗೆದು, ರೆಕ್ಕೆಯ ಬುಡವನ್ನು ಮುಕ್ಕಾಲುಪಾಲು ಸೀಳಬೇಕು. ಹಿಂದಿನ ತುದಿಯಲ್ಲಿ ಚರ್ಮದ ಒಂದು ಚೂರು ಉಳಿಸಿ, ಬಾಗಿಲ ತಿರುಗಣೆಯಂತೆ ರೆಕ್ಕೆಯನ್ನು ಮೈಗೆ ಮಡಚಬೇಕು, ಆಮೇಲೆ ಹೆಪ್ಪುಗಟ್ಟಿಸಬೇಕು. ಧಕ್ಕೆಯಲ್ಲಿ ತನಿಖೆ ಮುಗಿದ ಮೇಲೆ ಒಂದೇ ಏಟಿಗೆ ಬೇರ್ಪಡಿಸಬಹುದು. ಬುಡದಲ್ಲಿ ಮಾಂಸ ಉಳಿದರೆ ಒಣಗುವಾಗ ಕೊಳೆಯುತ್ತದೆ, ಅದಕ್ಕೇ ವ್ಯಾಪಾರಿಗಳು ಅರ್ಧಚಂದ್ರಾಕಾರದ ಕತ್ತರಿಕೆ ಕೇಳುತ್ತಾರೆ. ಆ ಕೆಲಸವನ್ನು ದಡದ ಮೇಲೆ ಇನ್ನೂ ಚೆನ್ನಾಗಿ ಮಾಡಬಹುದು.

ಆದರೂ ಈ ‘ಅಂಟಿಕೊಂಡಿರಬೇಕು’ ಎಂಬ ಒಂದು ಮಾತನ್ನು ಎಷ್ಟು ಎಳೆಯಬಹುದು ಎಂಬುದಕ್ಕೆ 2011ರಲ್ಲಿ ಕೋಸ್ಟರಿಕಾದ ಬಂದರಿಗೆ ಬಂದ ಒಂದು ಹಡಗು ಸಾಕ್ಷಿ. ಅದರಲ್ಲಿದ್ದ ರೆಕ್ಕೆಗಳು ಅಂಟಿಕೊಂಡೇ ಇದ್ದವು, ಆದರೆ ಮೀನಿಗಲ್ಲ. ಬೆನ್ನುಮೂಳೆಯ ಒಂದು ಕಡ್ಡಿ, ಅದರ ಮೇಲೊಂದು ಪಟ್ಟಿ ಚರ್ಮ, ಅದರಿಂದ ಜೋತುಬಿದ್ದ ರೆಕ್ಕೆಗಳು. ಮೈಮಾಂಸವೆಲ್ಲ ಆಗಲೇ ಸಮುದ್ರದ ಪಾಲಾಗಿತ್ತು. ಕಾನೂನಿನ ಅಕ್ಷರ ಉಳಿಸಲು ಒಂದು ಅಸ್ಥಿಪಂಜರವನ್ನು ಅಷ್ಟು ಮುತುವರ್ಜಿಯಿಂದ ಕೆತ್ತಿದ್ದರು. ಆ ದೃಶ್ಯವನ್ನು ಒಮ್ಮೆ ಕಣ್ಮುಂದೆ ತಂದುಕೊಂಡರೆ ಮರೆಯುವುದು ಕಷ್ಟ. ಪ್ರಕರಣ ಎಳೆದಾಡಿ, ಒಮ್ಮೆ ಖುಲಾಸೆಯೂ ಆಗಿ, ಕೊನೆಗೆ 2017ರಲ್ಲಿ ಹಡಗಿನ ಒಡತಿಗೆ ಆರು ತಿಂಗಳ ಶಿಕ್ಷೆಯಾಯಿತು.

ಧಕ್ಕೆಗೆ ಬಾರದ ಹಡಗುಗಳದು ಇನ್ನೊಂದು ಬಗೆ. ನಡುಸಮುದ್ರದಲ್ಲೇ ಹಲವು ದೋಣಿಗಳ ಮಾಲನ್ನು ಒಂದು ದೊಡ್ಡ ಶೀತಹಡಗಿಗೆ ದಾಟಿಸಿಬಿಟ್ಟರೆ ಯಾವ ಅಧಿಕಾರಿಯ ಕಣ್ಣಿಗೂ ಮೀನು ಬೀಳುವುದಿಲ್ಲ. 2017ರ ಆಗಸ್ಟ್‌ನಲ್ಲಿ ಈಕ್ವೆಡಾರ್ ನೌಕಾಪಡೆ ಗಾಲಾಪಗೋಸ್ ರಕ್ಷಿತ ಸಮುದ್ರದೊಳಗೆ ಅಂಥದೊಂದು ಚೀನೀ ಹಡಗನ್ನು ಹಿಡಿಯಿತು. ಒಳಗೆ ಸುಮಾರು 300 ಟನ್ ಮೀನು, ಅದರಲ್ಲಿ 6,600ಕ್ಕೂ ಹೆಚ್ಚು ಶಾರ್ಕ್‌ಗಳು. ನಾಯಕನಿಗೆ ನಾಲ್ಕು ವರ್ಷ ಜೈಲು, 59 ಲಕ್ಷ ಡಾಲರ್ ದಂಡ. ಶಿಕ್ಷೆ ಆಗಿದ್ದು ಸರಿಯೇ. ಆದರೆ ಅದು ರಕ್ಷಿತ ಪ್ರದೇಶದ ಗೆರೆ ದಾಟಿದ್ದಕ್ಕೆ ಸಿಕ್ಕಿಬಿದ್ದ ಹಡಗು. ಗೆರೆಯಾಚೆಯೇ ಉಳಿದಿದ್ದರೆ ಈಕ್ವೆಡಾರಿನ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ.

ಕಂಟೇನರ್‌ ಒಳಗೆ ಕಾಣುವುದು ಏನು

ರೆಕ್ಕೆ ಒಮ್ಮೆ ಒಣಗಿ ಗೋಣಿಚೀಲ ಸೇರಿತೆಂದರೆ ಕಥೆಯೇ ಬೇರೆ. 2020ರ ಏಪ್ರಿಲ್ ಕೊನೆ ಮತ್ತು ಮೇ ಆರಂಭದಲ್ಲಿ ಹಾಂಗ್‌ಕಾಂಗ್ ಕಸ್ಟಮ್ಸ್ ಈಕ್ವೆಡಾರಿನಿಂದ ಬಂದ ಎರಡು ಕಂಟೇನರ್‌ಗಳನ್ನು ತೆರೆಯಿತು. ಕಾಗದದಲ್ಲಿದ್ದದ್ದು ಒಣಮೀನು. ಒಳಗಿದ್ದದ್ದು 26 ಟನ್ ರೆಕ್ಕೆ, ಸುಮಾರು 38,500 ಶಾರ್ಕ್‌ಗಳದು, ಹೆಚ್ಚಿನವು ಥ್ರೆಶರ್ ಮತ್ತು ಸಿಲ್ಕಿ ಜಾತಿಯವು. ಭಾಗಿಸಿ ನೋಡಿದರೆ ಒಂದು ಶಾರ್ಕ್‌ಗೆ 675 ಗ್ರಾಂ. ಒಂದು ಸಣ್ಣ ಕೈಚೀಲದಲ್ಲಿ ಹಿಡಿಸುವಷ್ಟು. ಎರಡು ಲೋಹದ ಪೆಟ್ಟಿಗೆಗಳಲ್ಲಿ 38,500 ಪ್ರಾಣಿಗಳನ್ನು ಅಡಗಿಸಬಹುದು ಎಂದಮೇಲೆ, ಬಂದರಿನಲ್ಲಿ ಸಾಲುಗಟ್ಟಿ ನಿಂತ ಸಾವಿರಾರು ಪೆಟ್ಟಿಗೆಗಳ ನಡುವೆ ನಿಂತ ಅಧಿಕಾರಿಯ ಪಾಡು ಏನಿರಬಹುದು!

ಆ ಅಧಿಕಾರಿಯ ಬಳಿ ಇರುವ ಮೊದಲ ಅಸ್ತ್ರ ಸರಕಿನ ಸಂಕೇತ ಸಂಖ್ಯೆ. ಜಾಗತಿಕ ಸುಂಕ ಪಟ್ಟಿಯಲ್ಲಿ ಒಣ ರೆಕ್ಕೆಗೆ ಪ್ರತ್ಯೇಕ ಸಂಖ್ಯೆ ಸಿಕ್ಕಿದ್ದೇ 2012ರಲ್ಲಿ, 0305.71. ಹೆಪ್ಪುಗಟ್ಟಿದ ರೆಕ್ಕೆಗೆ 0303.92 ಸಿಗಲು 2017 ಬರಬೇಕಾಯಿತು. ಅದಕ್ಕೂ ಮೊದಲು ಹೆಪ್ಪುಗಟ್ಟಿದ ರೆಕ್ಕೆ ಶಾರ್ಕ್ ಮಾಂಸದ ಲೆಕ್ಕದೊಳಗೆ ಕರಗಿಹೋಗಬಹುದಿತ್ತು. ಹಾಗಾಗಿ ಹಳೆಯ ಅಂಕಿಅಂಶಗಳನ್ನು ಇಟ್ಟುಕೊಂಡು ‘ವ್ಯಾಪಾರ ಇಷ್ಟು ಇಳಿಯಿತು’ ಎಂದು ಯಾರಾದರೂ ಹೇಳಿದರೆ, ಇಳಿದದ್ದು ಮಾಲೋ, ಮಾಲಿನ ಹೆಸರೋ ಎಂದು ಮೊದಲು ಕೇಳಬೇಕು.

ಎರಡನೆಯದು ಕಣ್ಣು ಮತ್ತು ಅಳತೆಪಟ್ಟಿ. ರಾಶಿಯಿಂದ ಮೊದಲ ಬೆನ್ನುರೆಕ್ಕೆಗಳನ್ನು ಆರಿಸಿ ಬದಿಗಿಡಬೇಕು. ತುದಿ ದುಂಡಗೆ, ಬಿಳಿ ಮಚ್ಚೆಯಿಂದ ಕೂಡಿದ್ದರೆ ಅದು ಬಿಳಿತುದಿಯ ಸಾಗರ ಶಾರ್ಕ್ ಇರಬಹುದು. ಹಿಂಭಾಗದ ಕೆಳತುದಿಯಲ್ಲಿ ಬಿಳಿ ತೇಪೆ ಇದ್ದರೆ ಪೋರ್‌ಬೀಗಲ್. ಎರಡೂ ಇಲ್ಲದೆ ಮಾಸಲು ಕಂದುಬಣ್ಣದ ಎತ್ತರದ ರೆಕ್ಕೆಯಾಗಿದ್ದರೆ, ಬುಡದ ಮುಂಚೂಣಿಯಿಂದ ತುದಿಯವರೆಗೆ ಪಟ್ಟಿ ಹಿಡಿದು ಉದ್ದ ಅಳೆಯಬೇಕು. ಆ ಉದ್ದದ ನಟ್ಟನಡುವೆ ಅಡ್ಡ ಅಗಲ ಅಳೆಯಬೇಕು. ಉದ್ದವನ್ನು ಅಗಲದಿಂದ ಭಾಗಿಸಿದಾಗ 2.5 ಅಥವಾ ಹೆಚ್ಚು ಬಂದರೆ ಹ್ಯಾಮರ್‌ಹೆಡ್ ಎಂದು ಅನುಮಾನಿಸಬಹುದು. ಗಿಟಾರ್ ಮೀನಿನ ರೆಕ್ಕೆಯೂ ಕೆಲವೊಮ್ಮೆ ಹೀಗೇ ಕಾಣುತ್ತದೆ, ಆದರೆ ಅದರ ಬುಡದ ಮೃದ್ವಸ್ಥಿಯ ಪಟ್ಟಿ ಹೆಚ್ಚುಕಡಿಮೆ ಇಡೀ ಬುಡಕ್ಕೆ ಹರಡಿರುತ್ತದೆ. ಅರ್ಧ ದಿನದ ತರಬೇತಿಯಲ್ಲಿ ಕಲಿಯಬಹುದಾದ ವಿದ್ಯೆ ಇದು. ಚರ್ಮ ಸುಲಿದು, ಬಿಳಿಚಿಸಿ, ನಾರು ಬಿಡಿಸಿದ ಮೇಲೆ ಮಾತ್ರ ಈ ವಿದ್ಯೆ ನಡೆಯದು. ಆಗ ಉಳಿಯುವುದು ಡಿಎನ್‌ಎ ಪರೀಕ್ಷೆ. 2018ರಲ್ಲಿ ಸಂಶೋಧಕರು ಬಂದರಿನಲ್ಲೇ ನಾಲ್ಕು ಗಂಟೆಯೊಳಗೆ, ಮಾದರಿಯೊಂದಕ್ಕೆ ಒಂದು ಡಾಲರ್ ಆಸುಪಾಸಿನಲ್ಲಿ ಮುಗಿಯುವ ಪರೀಕ್ಷೆಯನ್ನು ತೋರಿಸಿಕೊಟ್ಟರು. ಸಮಯ ಮುಖ್ಯ. ಗಟ್ಟಿ ಕಾರಣವಿಲ್ಲದೆ ಕಂಟೇನರನ್ನು ವಾರಗಟ್ಟಲೆ ಹಿಡಿದಿಡಲು ಯಾವ ಕಾನೂನೂ ಬಿಡುವುದಿಲ್ಲ.

ಜಾತಿ ಗುರುತಿಸುವ ಈ ಪರದಾಟವೇ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ದಿಕ್ಕನ್ನು ಬದಲಿಸಿತು. 2013ರಲ್ಲಿ ಬ್ಯಾಂಕಾಕಿನಲ್ಲಿ ಮೂರು ಹ್ಯಾಮರ್‌ಹೆಡ್, ಬಿಳಿತುದಿ, ಪೋರ್‌ಬೀಗಲ್‌ಗಳನ್ನು ಎರಡನೇ ಅನುಬಂಧಕ್ಕೆ ಸೇರಿಸಿದರು. 2016ರಲ್ಲಿ ಸಿಲ್ಕಿ, ಥ್ರೆಶರ್, 2019ರಲ್ಲಿ ಮಾಕೋ. ಹೀಗೆ ಒಂದೊಂದೇ ಸೇರಿಸುವಾಗ ಪಟ್ಟಿಯಲ್ಲಿಲ್ಲದ ಜಾತಿಯ ಹೆಸರು ಹೇಳಿ ಪಾರಾಗುವುದು ಸುಲಭವಿತ್ತು. 2022ರ ನವೆಂಬರಿನಲ್ಲಿ ಪನಾಮಾದಲ್ಲಿ ಸೇರಿದ ದೇಶಗಳು ನೀಲಿ ಶಾರ್ಕ್ ಸೇರಿದಂತೆ ಇಡೀ ರೆಕ್ವಿಯಮ್ ಕುಟುಂಬವನ್ನೇ, ಅಂದರೆ 54 ಜಾತಿಗಳನ್ನು, ಪಟ್ಟಿಗೆ ತಂದವು. ಅವುಗಳಲ್ಲಿ ಅಪಾಯದಲ್ಲಿದ್ದವು 19. ಉಳಿದ 35 ಸೇರಿದ್ದು ರೆಕ್ಕೆ ನೋಡಲು ಒಂದೇ ತರಹ ಇವೆ ಎಂಬ ಕಾರಣಕ್ಕೆ. ಕಾನೂನು ಕೊನೆಗೂ ಅಧಿಕಾರಿಯ ಕಣ್ಣಿನ ಮಿತಿಯನ್ನು ಒಪ್ಪಿಕೊಂಡಿತು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಆದ ಅತ್ಯಂತ ವಿವೇಕದ ತೀರ್ಮಾನ ಅದು.

ಎರಡನೇ ಅನುಬಂಧ ಎಂದರೆ ನಿಷೇಧ ಎಂದುಕೊಳ್ಳುವವರು ಬಹಳ. ಅದು ನಿಷೇಧವಲ್ಲ, ಪರವಾನಗಿ ಪದ್ಧತಿ. ರಫ್ತು ಮಾಡುವ ದೇಶ ಎರಡು ಮಾತು ಬರೆದುಕೊಡಬೇಕು: ಮೀನು ಕಾನೂನುಬದ್ಧವಾಗಿ ಹಿಡಿದದ್ದು, ಈ ವ್ಯಾಪಾರದಿಂದ ಆ ಜಾತಿಯ ಉಳಿವಿಗೆ ಧಕ್ಕೆಯಿಲ್ಲ. ಎರಡನೆಯ ಮಾತಿಗೆ ಹಿಡಿದ ಮೀನಿನ ಜಾತಿವಾರು ಲೆಕ್ಕ ಬೇಕು. ‘ಶಾರ್ಕ್, ಇತರೆ’ ಎಂದು ಒಂದೇ ಸಾಲಿನಲ್ಲಿ ಬರೆದಿಡುವ ದೇಶ ಅದನ್ನು ಯಾವ ಆಧಾರದ ಮೇಲೆ ಬರೆದುಕೊಟ್ಟೀತು? ಹಳೆಯ ದಾಸ್ತಾನಿನದು ಇನ್ನೊಂದು ಕಿಂಡಿ. ಪಟ್ಟಿಗೆ ಸೇರುವ ಮೊದಲೇ ಸಂಗ್ರಹಿಸಿದ ಮಾಲಿಗೆ ಬೇರೆ ಪ್ರಮಾಣಪತ್ರದ ಮೇಲೆ ಸಾಗಲು ಅವಕಾಶವಿದೆ. ಒಣ ರೆಕ್ಕೆ ವರ್ಷಗಟ್ಟಲೆ ಕೆಡುವುದಿಲ್ಲ, ಅದರ ಮೇಲೆ ತಾರೀಖು ಬರೆದಿರುವುದೂ ಇಲ್ಲ. ಕಾನೂನು ಜಾರಿಗೆ ಬರುವ ದಿನವೇ ಗೋದಾಮುಗಳ ದಾಸ್ತಾನು ಎಣಿಸಿ ಮುದ್ರೆ ಹಾಕದಿದ್ದರೆ ಆ ‘ಹಳೆಯ ಮಾಲು’ ಎಂದಿಗೂ ಖಾಲಿಯಾಗುವುದಿಲ್ಲ.

ಭಾರತದ ದಾರಿ

ಭಾರತ 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ ಮೊದಲ ಅನುಸೂಚಿಗೆ ಸೇರಿಸಿತು. ಜುಲೈಯಲ್ಲಿ ಒಮ್ಮೆಲೇ ಎಲ್ಲ ಶಾರ್ಕ್, ತೊರಕೆ ಜಾತಿಗಳನ್ನೂ ಸೇರಿಸಿತು. ಕರಾವಳಿಯಲ್ಲಿ ವಿರೋಧ ಎದ್ದು ಡಿಸೆಂಬರಿನಲ್ಲಿ ಪಟ್ಟಿ ಹತ್ತು ಜಾತಿಗೆ ಇಳಿಯಿತು. ಆ ಹಿಂಜರಿತವನ್ನು ಬೈಯುವುದು ಸುಲಭ. ಆದರೆ ಬೇರೆ ಮೀನಿಗೆಂದು ಹಾಕಿದ ಬಲೆಯಲ್ಲಿ ಸಣ್ಣ ಶಾರ್ಕ್ ಬಿದ್ದರೆ ದಿನಗೂಲಿಯ ಮೀನುಗಾರ ಅಪರಾಧಿಯಾಗಬೇಕಿತ್ತು, ಅದನ್ನು ಹೇಗೆ ತಪ್ಪಿಸಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

2015ರ ಫೆಬ್ರವರಿಯಲ್ಲಿ ವಾಣಿಜ್ಯ ಸಚಿವಾಲಯ ಎಲ್ಲ ಜಾತಿಯ ಶಾರ್ಕ್ ರೆಕ್ಕೆಗಳ ರಫ್ತನ್ನೂ ನಿಷೇಧಿಸಿತು. ಅಲ್ಲಿಂದ ಸ್ಥಿತಿ ವಿಚಿತ್ರವಾಯಿತು. ಪಟ್ಟಿಯಲ್ಲಿಲ್ಲದ ಶಾರ್ಕನ್ನು ಹಿಡಿಯಬಹುದು, ಇಡಿಯಾಗಿ ಇಳಿಸಬಹುದು, ಮಾಂಸ ಮಾರಬಹುದು. ರೆಕ್ಕೆ ಕೈಯಲ್ಲೇ ಉಳಿಯುತ್ತದೆ. ಹೀಗೆ ಕಾನೂನುಬದ್ಧವಾಗಿ ಹುಟ್ಟಿದ ಮಾಲಿಗೆ ಕಾನೂನುಬದ್ಧ ದಾರಿಯಿಲ್ಲದಾಗ ಅದು ಕದ್ದುಮುಚ್ಚಿ ಹೋಗುತ್ತದೆ. 2018ರ ಸೆಪ್ಟೆಂಬರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಮುಂಬೈ ಮತ್ತು ಗುಜರಾತಿನಲ್ಲಿ ಸುಮಾರು 8 ಟನ್ ರೆಕ್ಕೆ ವಶಪಡಿಸಿಕೊಂಡಿತು. ಇಲ್ಲೂ ಕಾಗದದ ಮೇಲೆ ಬೇರೆಯದೇ ಒಣ ಸರಕಿನ ಹೆಸರುಗಳಿದ್ದವು. ಇನ್ನು ಬಲೆಯ ಮಾತು. ರಫ್ತು ನಿಂತರೆ ಮೀನುಗಾರನಿಗೆ ರೆಕ್ಕೆಯ ಹಣ ತಪ್ಪುತ್ತದೆ, ಟ್ರಾಲ್ ಬಲೆಯ ಬಾಯಿ ಚಿಕ್ಕದಾಗುವುದಿಲ್ಲ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಇನ್ನಷ್ಟು ಜಾತಿಗಳಿಗೆ ರಕ್ಷಣೆ ಕೊಟ್ಟಿದೆ, ಸೈಟಿಸ್ ಪಟ್ಟಿಗೆಂದೇ ಪ್ರತ್ಯೇಕ ಅನುಸೂಚಿ ಮಾಡಿದೆ. ಬಲೆಯ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಔತಣದ ಮೇಜು

ಕಡಿಮೆ ಗದ್ದಲದಲ್ಲಿ ನಡೆದ ಒಂದು ಕೆಲಸವನ್ನೂ ಹೇಳಬೇಕು. ಚೀನಾ ಸರ್ಕಾರ ಅಧಿಕೃತ ಔತಣಗಳಿಂದ ಶಾರ್ಕ್ ರೆಕ್ಕೆಯನ್ನು ತೆಗೆಯುವುದಾಗಿ 2012ರಲ್ಲಿ ಹೇಳಿ, 2013ರ ಡಿಸೆಂಬರಿನಲ್ಲಿ ಮಿತವ್ಯಯದ ನಿಯಮಗಳೊಳಗೆ ಸೇರಿಸಿ ಜಾರಿಗೆ ತಂದಿತು. ಅದೇ ವರ್ಷ ಹಾಂಗ್‌ಕಾಂಗ್ ಸರ್ಕಾರವೂ ತನ್ನ ಸಮಾರಂಭಗಳಲ್ಲಿ ಬಡಿಸುವುದನ್ನು ಬಿಟ್ಟಿತು. ಇದರಲ್ಲಿ ಯಾರನ್ನೂ ಹಿಡಿಯಲಿಲ್ಲ, ಯಾರಿಗೂ ದಂಡ ಹಾಕಲಿಲ್ಲ. ಪ್ರತಿಷ್ಠೆಗಾಗಿ ತಿನ್ನುವ ಪದಾರ್ಥವನ್ನು ಪ್ರತಿಷ್ಠಿತರೇ ಮುಟ್ಟದಿದ್ದರೆ ಅದರ ಬೆಲೆ ಒಳಗಿನಿಂದ ಕುಸಿಯುತ್ತದೆ. 2011ರಲ್ಲಿ 10,000 ಟನ್ ದಾಟಿದ್ದ ಹಾಂಗ್‌ಕಾಂಗ್ ಆಮದು ಕೆಲವೇ ವರ್ಷಗಳಲ್ಲಿ ಅರ್ಧದಷ್ಟಕ್ಕೆ ಬಂತು. ಅದರಲ್ಲೊಂದು ಪಾಲು ಸಂಕೇತ ಸಂಖ್ಯೆ ಬದಲಾದದ್ದರ ಫಲ, ಇನ್ನೊಂದು ಪಾಲು ವ್ಯಾಪಾರ ಬೇರೆ ಬಂದರುಗಳಿಗೆ ಸರಿದದ್ದು. ಇವೆರಡನ್ನೂ ಕಳೆದ ಮೇಲೂ ಬೇಡಿಕೆಯ ಇಳಿಕೆ ನಿಜ ಎಂದೇ ನಾನು ನಂಬುತ್ತೇನೆ.

ಗಾಳದ ತುದಿಯಲ್ಲಿ

ಮೊದಲಿನ ಲೆಕ್ಕಕ್ಕೆ ಮರಳೋಣ. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಕರಾವಳಿಯಲ್ಲಿ ಸಾವು ಶೇಕಡಾ 4 ಏರಿದರೆ, ತೆರೆದ ಸಮುದ್ರದ ಮೀನುಗಾರಿಕೆಯಲ್ಲಿ ಶೇಕಡಾ 7 ಇಳಿದಿದೆ, ಅದೂ ಅಟ್ಲಾಂಟಿಕ್ ಮತ್ತು ಪಶ್ಚಿಮ ಪೆಸಿಫಿಕ್‌ನಲ್ಲಿ ಹೆಚ್ಚಾಗಿ. ಶಾರ್ಕ್ ಹಿಡಿಯುವುದನ್ನೋ ಹಡಗಿನಲ್ಲಿ ಇಟ್ಟುಕೊಳ್ಳುವುದನ್ನೋ ನಿಷೇಧಿಸಿದ ಕಡೆ ಸ್ವಲ್ಪವಾದರೂ ಫಲ ಸಿಕ್ಕಿದೆ. ರೆಕ್ಕೆ ಅಂಟಿರಬೇಕು ಎಂದಷ್ಟೇ ಹೇಳಿದ ಕಡೆ ಹಡಗಿನವರು ಇಡೀ ಮೀನನ್ನು ತಂದರು, ತಂದ ಮಾಂಸಕ್ಕೆ ಮಾರುಕಟ್ಟೆ ಹುಟ್ಟಿತು. ಕ್ರೌರ್ಯ ತಗ್ಗಿತು, ವ್ಯರ್ಥ ತಗ್ಗಿತು, ಸಾವಿನ ಎಣಿಕೆ ತಗ್ಗಲಿಲ್ಲ. ಹೆಣ್ಣು ಡಸ್ಕಿ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 20 ವರ್ಷ ಬೇಕು. ಅಂಥ ಜೀವಿಗೆ ತಾನು ಇಡಿಯಾಗಿ ಸತ್ತೆನೋ ರೆಕ್ಕೆ ಕಳೆದುಕೊಂಡು ಸತ್ತೆನೋ ಎಂಬುದರಿಂದ ಸಂತತಿಯ ಲೆಕ್ಕ ಬದಲಾಗುವುದಿಲ್ಲ.

ಹಿಡಿದದ್ದನ್ನು ಬಿಟ್ಟುಬಿಡಿ ಎನ್ನುವ ನಿಯಮವೂ ಎಲ್ಲ ಜಾತಿಗೆ ಒಂದೇ ರೀತಿ ನೆರವಾಗುವುದಿಲ್ಲ. ನೀಲಿ ಶಾರ್ಕ್ ಗಾಳದಲ್ಲಿ ಗಂಟೆಗಟ್ಟಲೆ ಇದ್ದರೂ ಬದುಕುವುದುಂಟು. ಹ್ಯಾಮರ್‌ಹೆಡ್ ಹಾಗಲ್ಲ. ಒದ್ದಾಡಿ ಬೇಗ ಬಳಲುತ್ತದೆ, ಹಗ್ಗ ಮೇಲೆಳೆಯುವ ಹೊತ್ತಿಗೆ ಎಷ್ಟೋ ಸಲ ಸತ್ತೇ ಇರುತ್ತದೆ. ಅದನ್ನು ಉಳಿಸಬೇಕೆಂದರೆ ನಿಯಮ ಗಾಳದ ತುದಿಗೇ ಹೋಗಬೇಕು. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್ ಮೀನುಗಾರಿಕಾ ಆಯೋಗ 2022ರಲ್ಲಿ ಮಾಡಿದ್ದು ಅದನ್ನೇ. ಸಮಭಾಜಕದ ಎರಡೂ ಬದಿಗೆ 20 ಡಿಗ್ರಿಯವರೆಗಿನ ಸಮುದ್ರದಲ್ಲಿ, 2024ರ ಜನವರಿ 1ರಿಂದ, ಒಂದೇ ಉದ್ದ ಹಗ್ಗಕ್ಕೆ ಸಾಲುಸಾಲಾಗಿ ಗಾಳ ಕಟ್ಟಿ ಟ್ಯೂನಾ ಹಿಡಿಯುವ ಉದ್ದಗಾಳದ ಹಡಗುಗಳು ಗಾಳಕ್ಕೆ ಮುಂಚಿನ ತುಂಡಿಗೆ ಉಕ್ಕಿನ ತಂತಿ ಬಳಸುವಂತಿಲ್ಲ, ತೇಲುಬುರುಡೆಯಿಂದ ನೇರ ಇಳಿಬಿಡುವ ಶಾರ್ಕ್ ಗಾಳಗಳನ್ನೂ ಹಾಕುವಂತಿಲ್ಲ. ತಂತಿಯ ಜಾಗದಲ್ಲಿ ನೈಲಾನ್ ಎಳೆ. ಟ್ಯೂನಾಗೆ ಅದನ್ನು ಕಡಿಯುವ ಹಲ್ಲಿಲ್ಲ. ಶಾರ್ಕ್ ಕಚ್ಚಿ ತಿರುಚಿದರೆ ಎಳೆ ತುಂಡಾಗುತ್ತದೆ. ಬಾಯಲ್ಲೊಂದು ಗಾಳ ಉಳಿದರೂ ರೆಕ್ಕೆಗಳೆಲ್ಲ ಮೈಮೇಲಿರುವ ಮೀನು ಕತ್ತಲ ನೀರಿಗೆ ಇಳಿದುಹೋಗುತ್ತದೆ, ಹಡಗಿನ ಮೇಲಿದ್ದವರಿಗೆ ಅದು ಬಂದಿತ್ತೆಂದು ತಿಳಿಯುವುದು ಬರಿಯ ಎಳೆ ಮೇಲೆ ಬಂದಾಗ.